ಧಾರವಾಡದಲ್ಲಿ ಉಣ್ಣುವ ಹೊತ್ತು

ಬೆಂಗಳೂರಿನಿಂದ ವರ್ಗವಾಗಿ ಧಾರವಾಡಕ್ಕೆ ಬಂದ ಮೇಲೆ ಊಟದ ವಿಷಯದಲ್ಲಿ ನನಗೆ ಗಟ್ಟಿಯಾದ ಮಾತು ಒಂದೇ: ಇಲ್ಲಿ ಎಲ್ಲಿಗೆ ಹೋಗಬೇಕು ಅಂತ ಕೇಳುವ ಮೊದಲು ಎಷ್ಟೊತ್ತಿಗೆ ಹೋಗಬೇಕು ಅಂತ ಕೇಳಬೇಕು. ಬೆಂಗಳೂರಿನ ದರ್ಶಿನಿಗೆ ಯಾವಾಗ ನುಗ್ಗಿದರೂ ಇಡ್ಲಿ ಇರುತ್ತದೆ. ಇಲ್ಲಿ ರೊಟ್ಟಿಗೊಂದು ಹೊತ್ತು, ಗಿರ್ಮಿಟ್‌ಗೊಂದು ಹೊತ್ತು, ಪೇಡೆಗೊಂದು ಹೊತ್ತು. ಆ ಹೊತ್ತು ತಪ್ಪಿಸಿ ಹೋದವರು "ಧಾರವಾಡದಲ್ಲಿ ಏನಿದೆ?" ಅನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಹೋದವರು ಮತ್ತೆ ಬರುತ್ತಾರೆ.

ಸಂಕ್ರಾಂತಿಗೆ ಅಣ್ಣ, ಅತ್ತಿಗೆ ಬರುತ್ತೇವೆಂದಾಗ ಅದಕ್ಕೇ ನಾನು ನೋಡುವ ಜಾಗಗಳ ಪಟ್ಟಿ ಮಾಡಲಿಲ್ಲ. ಉಣ್ಣುವ ಹೊತ್ತುಗಳನ್ನು ಮೊದಲು ಗೊತ್ತುಮಾಡಿ, ಉಳಿದದ್ದನ್ನೆಲ್ಲ ಅದರ ಸುತ್ತ ಹೊಂದಿಸಿದೆ. ನಮ್ಮದು ಮಂಡ್ಯ ಕಡೆಯ ಮೂಲ. ಮುದ್ದೆ, ಬಸ್ಸಾರು ತಿಂದು ಬೆಳೆದವರು. ಜೋಳದ ರೊಟ್ಟಿ ಅಂದರೆ ಬೆಂಗಳೂರಿನಲ್ಲಿ ಹಪ್ಪಳದ ಹಾಗೆ ಪ್ಯಾಕೆಟ್ಟಿನಲ್ಲಿ ಮಾರುವುದು ಅಂತಲೇ ಅತ್ತಿಗೆ ತಿಳಿದಿದ್ದರು.

ಶುಕ್ರವಾರ

2023ರ ಜೂನ್‌ನಲ್ಲಿ ವಂದೇ ಭಾರತ್ ಶುರುವಾದ ಮೇಲೆ ಬೆಂಗಳೂರಿನಿಂದ ನಸುಕಿನಲ್ಲಿ ಹತ್ತಿದವರು ಸರಿಯಾಗಿ ಉಣ್ಣುವ ಹೊತ್ತಿಗೆ ಧಾರವಾಡದಲ್ಲಿ ಇಳಿಯುತ್ತಾರೆ. ಬ್ಯಾಗುಗಳನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಹೋಗದೆ ನೇರ ಖಾನಾವಳಿಗೆ ಹೋದೆವು.

ಧಾರವಾಡದ ಖಾನಾವಳಿ ಎಂದರೆ ಹೊರಗಿನವರು ಮೊದಲು ಹೇಳುವ ಹೆಸರು ಬಸಪ್ಪ ಖಾನಾವಳಿ. ಹಳೆಯದು, ಹೆಸರಿಗೆ ತಕ್ಕ ಊಟ. ನನಗೆ ದಿನವೂ ಒಗ್ಗಿರುವುದು ಮಾತ್ರ ನಮ್ಮ ಓಣಿಯ ಚಿಕ್ಕ ಖಾನಾವಳಿ. ಒಂದೇ ಕೋಣೆ, ಗೋಡೆಗೆ ತಾಗಿಸಿದ ಮೇಜುಗಳು, ಮೂಲೆಯಲ್ಲಿ ಕೈತೊಳೆಯುವ ನಲ್ಲಿ. ಹಿಂದೆ ಬಾಗಿಲಿಲ್ಲದ ಅಡುಗೆಮನೆ, ಅಲ್ಲಿಂದ ರೊಟ್ಟಿ ಬಡಿಯುವ ಸದ್ದು. ಆ ಸದ್ದು ಕೇಳುತ್ತಿದೆ ಎಂದರೆ ಬಿಸಿ ರೊಟ್ಟಿ ಇದೆ ಎಂದರ್ಥ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ ಅದು ನಿಲ್ಲುವುದಿಲ್ಲ. ಎರಡೂವರೆ ಆಯಿತೆಂದರೆ ಒಲೆ ಆರುತ್ತದೆ. ಆಮೇಲೆ ಬಂದವರಿಗೂ ಊಟ ಇದೆ, ಆದರೆ ಬುಟ್ಟಿಯಲ್ಲಿ ಇಟ್ಟ ರೊಟ್ಟಿ.

"ಬರ್ರಿ ಸರ್ರ, ಊರಿಂದ ಮಂದಿ ಬಂದಾರೇನ್ರಿ? ಕುಂದರ್ರಿ, ಕುಂದರ್ರಿ" ಅಂತ ಯಜಮಾನರು ಎದ್ದು ಬಂದರು.

ತಾಟಿನಲ್ಲಿ ಮೊದಲು ಬಂದದ್ದು ಹಸಿಯದು: ಉದ್ದುದ್ದ ಸೀಳಿದ ಉಳ್ಳಾಗಡ್ಡಿ, ಸೌತೆಕಾಯಿ, ಎಳೆ ಮೆಂತ್ಯ ಸೊಪ್ಪು, ಹಕ್ಕರಕಿ ಸೊಪ್ಪು. ಆಮೇಲೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಇಲ್ಲಿ ಚಟ್ನಿಪುಡಿ), ಪಕ್ಕದಲ್ಲಿ ಕೆಂಪು ಚಟ್ನಿ. ಹಿಂಡಿಯ ನಡುವೆ ಬೆರಳಿನಿಂದ ಗುಳಿ ಮಾಡಿ ಅದಕ್ಕೆ ಎಣ್ಣೆಯನ್ನೋ ಗಟ್ಟಿ ಮೊಸರನ್ನೋ ಹಾಕಿಸಿಕೊಳ್ಳಬೇಕು. ಮಡಕಿ ಕಾಳಿನ ಪಲ್ಯ, ಜೋಳದ ನುಚ್ಚು ಹಾಕಿ ಬೇಯಿಸಿದ ಪುಂಡಿಪಲ್ಯ, ಎಣ್ಣೆಗಾಯಿ. ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಅರೆದು ತುಂಬಿದ ಆ ಬದನೆಕಾಯಿ ತೊಟ್ಟಿನವರೆಗೂ ಬೆಂದಿರುತ್ತದೆ, ಒಡೆದಿರುವುದಿಲ್ಲ. ಅದನ್ನು ಮಾಡಲು ಸಣ್ಣ ಉರಿ ಬೇಕು, ಪುರುಸೊತ್ತು ಬೇಕು.

ಕೊನೆಗೆ ರೊಟ್ಟಿ. ಒಲೆಯಿಂದ ಕೈಗೆ, ಕೈಯಿಂದ ತಾಟಿಗೆ. ಅತ್ತಿಗೆ ಮುರಿದಾಗ ಒಳಗಿನಿಂದ ಹಬೆ ಬಂತು.

"ಇಷ್ಟು ಮೆತ್ತಗಿರತ್ತಾ ಇದು!" ಅಂದರು.

ಅಣ್ಣ ಮುದ್ದೆಯವನು. "ನಾವು ನುಂಗೋರು ಕಣೋ, ಇದನ್ನ ಅಗೀಬೇಕಲ್ಲೋ" ಅಂತ ಶುರುಮಾಡಿದ. ಅಗಿಯುತ್ತಾ ಸುಮ್ಮನಾದ. ಜೋಳದ ಸಿಹಿ ಬಾಯಿಗೆ ಬರುವುದು ಅಗಿದಾಗಲೇ. ಬಡಿಸುವ ಹುಡುಗ ಬುಟ್ಟಿ ಹಿಡಿದು "ಇನ್ನ ಅರ್ಧಾ ಹಾಕ್ಲ್ಯಾ ಅಣ್ಣಾರ?" ಅನ್ನುತ್ತಿದ್ದ, ಅಣ್ಣ ಕೈ ಅಡ್ಡ ಹಿಡಿಯಲೇ ಇಲ್ಲ. ಇಲ್ಲಿ ಬೇಡ ಅಂದವರಿಗೆ ಅರ್ಧ, ಸುಮ್ಮನಿದ್ದವರಿಗೆ ಇಡಿ ರೊಟ್ಟಿ ಬೀಳುತ್ತದೆ. ಉಂಡವರ ಮುಖ ನೋಡಿ ನೀಡುವ ಈ ಬಗೆಯೇ ನನ್ನನ್ನು ಈ ಊರಿಗೆ ಕಟ್ಟಿಹಾಕಿದ್ದು. ಒಬ್ಬನೇ ಬಂದು ಮನೆ ಮಾಡಿದ ಹೊಸತರಲ್ಲಿ, ಜ್ವರ ಬಂದು ಎರಡು ಹೊತ್ತು ಕಾಣಿಸದಿದ್ದಾಗ, ಇದೇ ಯಜಮಾನರು ಹುಡುಗನ ಕೈಲಿ ನುಚ್ಚು-ಮಜ್ಜಿಗೆ ಕಳಿಸಿದ್ದರು.

ಸಂಜೆ ಐದಕ್ಕೆ ಸಪ್ತಾಪುರ. ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಊರೊಳಗಿನ ಊರು ಅದು. ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಬಂದು ರೂಮು ಹಿಡಿದು, ಓದುವ ಕೋಣೆಗಳಲ್ಲಿ ಬೆಳಗಿನಿಂದ ಕೂತವರು ಐದಕ್ಕೆ ಹೊರಗೆ ಬರುತ್ತಾರೆ. ಆ ಹೊತ್ತಿಗೇ ಮಿರ್ಚಿಯ ಬಾಣಲೆ ಕಾಯುವುದು, ಗಿರ್ಮಿಟ್ ಕಲೆಸುವುದು.

ಗಿರ್ಮಿಟ್ ಮಾಡುವವನ ಕೈ ನೋಡುತ್ತಾ ನಿಲ್ಲುವುದು ನನಗೆ ಇಷ್ಟ. ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ, ಹುಣಸೆ, ಬೆಲ್ಲ ಸೇರಿಸಿ ಕುದಿಸಿದ ಗೊಜ್ಜು ಮೊದಲೇ ತಯಾರಿರುತ್ತದೆ. ಗಿರಾಕಿ ಕೇಳಿದ ಮೇಲೆಯೇ ಚುರುಮುರಿಗೆ ಅದು ಬೀಳುವುದು. ಮೇಲೆ ಪುಟಾಣಿ ಹಿಟ್ಟು. ಹಿಟ್ಟು ಗೊಜ್ಜಿನ ನೀರನ್ನು ಹಿಡಿದುಕೊಳ್ಳುತ್ತದೆ, ಅದರಿಂದ ಚುರುಮುರಿ ಒಡನೆ ತೋಯುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಕಲೆಸಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಉದುರಿಸಿ ಕೊಡುತ್ತಾನೆ. ಆಮೇಲಿನ ನಾಲ್ಕೈದು ನಿಮಿಷ ಮಾತು ಬೇಡ. ಫೋಟೋ ತೆಗೆಯುತ್ತಾ ನಿಂತರೆ ಮೆತ್ತಗಾಗುತ್ತದೆ. ಪಕ್ಕದಲ್ಲಿ ಆಗತಾನೆ ಎತ್ತಿದ ಮಿರ್ಚಿ. ಗಿರ್ಮಿಟ್ ಪಾರ್ಸೆಲ್ ಒಯ್ಯುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಶನಿವಾರ

ಬೆಳಿಗ್ಗೆ ಲೈನ್ ಬಜಾರ್. ಠಾಕೂರ್ ಪೇಡೆಯ ಅಂಗಡಿಯ ಮುಂದೆ ಸಾಲು ನಿಂತಿತ್ತು. ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಠಾಕೂರ್ ಮನೆತನ ಶುರುಮಾಡಿದ ಸಿಹಿ ಇದು. ಬಾಬುಸಿಂಗ್ ಠಾಕೂರರ ಹೆಸರಿನಲ್ಲಿ ಊರಾಚೆಗೂ ಪ್ರಸಿದ್ಧವಾಯಿತು. 1933ರಲ್ಲಿ ಮಿಶ್ರಾ ಅವರ ಪೇಡೆ ಬಂತು. ಇವತ್ತು ಊರೂರಿನ ಬಸ್ ನಿಲ್ದಾಣ, ಹೆದ್ದಾರಿಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಧಾರವಾಡ ಪೇಡೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಎರಡರಲ್ಲಿ ಯಾವುದು ಮೇಲು ಎಂಬ ಜಗಳ ಇಲ್ಲಿನ ಮನೆಮನೆಯಲ್ಲೂ ಇದೆ. ನಾನು ಠಾಕೂರ್ ಕಡೆಯವನು. ಅದರ ಮರಳು ಮರಳು ಕಚ್ಚು, ಖವೆಯನ್ನು ಕಂದುಬಣ್ಣಕ್ಕೆ ಬರುವವರೆಗೂ ಹುರಿದ ವಾಸನೆ, ಮೇಲೆ ಹೊರಳಿಸಿದ ಸಕ್ಕರೆಪುಡಿ ನನಗೆ ಹಿಡಿಸಿದೆ. ಅತ್ತಿಗೆಗೆ ಮಿಶ್ರಾ ಹಿಡಿಸಿತು.

ಬೆಳಿಗ್ಗೆಯೇ ಏಕೆ ಹೋಗಬೇಕು ಎಂದರೆ ಅಂದಿನ ಮಾಲು ಮುಗಿದರೆ ಮುಗಿಯಿತು. ಇನ್ನಷ್ಟು ಬೇಕೆಂದರೆ ಇನ್ನಷ್ಟು ಹಾಲು ಬೇಕು, ಇನ್ನಷ್ಟು ಹೊತ್ತು ಬಾಣಲೆಯ ಮುಂದೆ ನಿಲ್ಲುವ ತೋಳು ಬೇಕು. ಹಾಲಿನ ಹಿಂದೆ ಧಾರವಾಡದ ಗೌಳಿಗರು ಸಾಕಿದ ಎಮ್ಮೆಗಳಿವೆ. ಕಪ್ಪು ಮೈ, ಅರ್ಧಚಂದ್ರದ ಆಕಾರದಲ್ಲಿ ಬಾಗಿದ ಕೊಂಬು. ಇಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿ ಮುಂದಿಟ್ಟ ಮೇಲೆ 2021ರಲ್ಲಿ ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿ ಎಂಬ ರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಪೇಡೆಗೆ ಸಿಕ್ಕ ಮಾನ್ಯತೆ ಎಲ್ಲರಿಗೂ ಗೊತ್ತು. ಎಮ್ಮೆಗೆ ಸಿಕ್ಕಿದ್ದು ಊರಿನವರಲ್ಲೇ ಹಲವರಿಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ಸುದ್ದಿ. ಎಮ್ಮೆ ಮೇಯಲು ಹುಲ್ಲುಗಾವಲು ಉಳಿಯದಿದ್ದರೆ ಪೇಡೆಯ ಡಬ್ಬಿಯ ಮೇಲೆ ಯಾವ ಮುದ್ರೆ ಇದ್ದು ಏನು?

ಮಧ್ಯಾಹ್ನ ಮನೆಯಲ್ಲೇ ಅನ್ನ ಸಾರು. ಸಂಜೆ ಸಾಧನಕೇರಿ ಕೆರೆಯ ದಂಡೆಯಲ್ಲಿ ಓಡಾಡಿ, 1890ರಿಂದಲೂ ನಡೆದು ಬಂದ ಕರ್ನಾಟಕ ವಿದ್ಯಾವರ್ಧಕ ಸಂಘದ ಕಡೆಗೆ ನಡೆದೆವು. ಅಲ್ಲಿ ಯಾವುದಾದರೊಂದು ಭಾಷಣ ಇದ್ದೇ ಇರುತ್ತದೆ, ಮುಗಿಸಿ ಬಂದವರು ಚಹಾದ ಅಂಗಡಿಯಲ್ಲಿ ಅದನ್ನು ಮುಂದುವರಿಸುತ್ತಾರೆ. ಅತ್ತಿಗೆ ಫಿಲ್ಟರ್ ಕಾಫಿ ಕೇಳಿದರು. ಚಹಾ ಕುಡಿಯಿರಿ ಅಂದೆ. ಈ ಊರು ಚಹಾದ ಊರು. ಶುಂಠಿ ಹಾಕಿ ಕುದಿಸಿದ ಅರ್ಧ ಚಹಾ ಹಿಡಿದು ಕಟ್ಟೆಯ ಮೇಲೆ ಕೂತರೆ ಪಕ್ಕದಲ್ಲಿ ಕೂತವರು ಯಾವೂರು, ಯಾರ ಪೈಕಿ ಅಂತ ವಿಚಾರಿಸದೆ ಬಿಡುವುದಿಲ್ಲ. ಅಣ್ಣ ಮಂಡ್ಯ ಅಂದದ್ದಕ್ಕೆ ಕಾವೇರಿ, ಮಹದಾಯಿ ಎರಡೂ ಮಾತಿಗೆ ಬಂದು ಕತ್ತಲಾಗಿಹೋಯಿತು.

ಭಾನುವಾರ

ಹುಬ್ಬಳ್ಳಿಗೆ ಚಿಗರಿ ಬಸ್ಸು. 2018ರಿಂದ ಓಡುತ್ತಿರುವ ಈ ಬಸ್ಸುಗಳಿಗೆ ರಸ್ತೆಯ ನಡುವೆ ತಮ್ಮದೇ ಹಾದಿ. 1962ರಲ್ಲಿ ಎರಡೂ ಊರು ಸೇರಿಸಿ ಒಂದೇ ಪಾಲಿಕೆ ಮಾಡಿದರೂ ನಾಲಿಗೆ ಬೇರೆ. ಧಾರವಾಡ ಮಧ್ಯಾಹ್ನದ ಊರು, ಹುಬ್ಬಳ್ಳಿ ರಾತ್ರಿಯ ಊರು.

ಭಾನುವಾರ ಮಧ್ಯಾಹ್ನಕ್ಕೆ ಅಣ್ಣನಿಗೆಂದೇ ಸಾವಜಿ ಊಟ ಇಟ್ಟಿದ್ದೆ. ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಮನೆಯ ಅಡುಗೆ ಹುಬ್ಬಳ್ಳಿ, ಗದಗದ ಕಡೆ ಹೋಟೆಲಿಗೆ ಬಂದು ನೆಲೆಯೂರಿದ್ದು ಇದು. ನಾವು ಹೋದದ್ದು ಬೋರ್ಡು ಮಾಸಿದ, ಹೆಂಗಸರೂ ಮಕ್ಕಳೂ ಬಂದು ಉಣ್ಣುವ ಒಂದು ಸಣ್ಣ ಸಾವಜಿ ಮನೆ. ರಸ ಬಟ್ಟಲಿಗೆ ಬಂದಾಗ ಕಡುಗೆಂಪು, ಮೇಲೆ ಎಣ್ಣೆಯ ಪದರ. ನೋಡಿ ಅತ್ತಿಗೆ ಹಿಂದೆ ಸರಿದರು. ಆ ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಕಾರಣ, ಅದು ಬಣ್ಣ ಕೊಡುವಷ್ಟು ಖಾರ ಕೊಡುವುದಿಲ್ಲ. ಖಾರದ ಕೆಲಸಕ್ಕೆ ಬೇರೆ ಮೆಣಸಿನಕಾಯಿ ಇದೆ, ಅದು ನಿಧಾನವಾಗಿ ಗೊತ್ತಾಗುತ್ತದೆ. ಸುಟ್ಟ ಒಣಕೊಬ್ಬರಿ, ಗಸಗಸೆ, ಲವಂಗದ ಘಾಟು. ಖೀಮಾ ಉಂಡೆ ರಸದಲ್ಲಿ ಮುಳುಗಿಯೂ ಒಡೆಯದೆ, ಕಚ್ಚಿದರೆ ಪುಡಿಯಾಗಬೇಕು, ಹಾಗೇ ಇತ್ತು. ನಮ್ಮ ಕಡೆಯ ಮಟನ್ ಸಾರಿನಲ್ಲಿ ಕೊತ್ತಂಬರಿ, ಹಸಿಕಾಯಿ ಮುಂದೆ ನಿಲ್ಲುತ್ತವೆ. ಇಲ್ಲಿ ಹುರಿದದ್ದು, ಸುಟ್ಟದ್ದು ಮುಂದೆ. ಅಣ್ಣನ ಹಣೆಯ ಮೇಲೆ ಬೆವರು, ಕೈಯಲ್ಲಿ ನಿಂಬೆಹೋಳು. "ಇದಕ್ಕೆ ಒಂದು ಮುದ್ದೆ ಇದ್ದಿದ್ರೆ" ಅಂದ. ಅದು ಅವನ ದೊಡ್ಡ ಮೆಚ್ಚುಗೆ.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ಕೆರೆ ನೋಡಿ ಕತ್ತಲಾದ ಮೇಲೆ ದುರ್ಗದ ಬೈಲಿಗೆ ಬಂದೆವು. ಹಗಲು ವ್ಯಾಪಾರದ ಜಾಗ, ಸಂಜೆ ಆಗುತ್ತಲೇ ತಿನ್ನುವ ಬಂಡಿಗಳು ಬೆಳಕು ಹಚ್ಚುತ್ತವೆ. ಪಾವ್ ಭಾಜಿ, ಮಿರ್ಚಿ, ದೋಸೆ, ಎಲ್ಲ ಇದೆ. ಗಲಾಟೆ ಚೆನ್ನಾಗಿದೆ. ಮಧ್ಯಾಹ್ನದ ಸಾವಜಿ ಇನ್ನೂ ಹೊಟ್ಟೆಯಲ್ಲಿತ್ತು, ಹೆಚ್ಚು ತಿನ್ನಲಾಗಲಿಲ್ಲ.

ಸೋಮವಾರ, ಭೋಗಿ

ಈ ದಿನಕ್ಕಾಗಿಯೇ ಅವರನ್ನು ಸಂಕ್ರಾಂತಿಗೆ ಕರೆದದ್ದು. ಭೋಗಿಗೆ ಇಲ್ಲಿ ಸಜ್ಜೆ ರೊಟ್ಟಿ. ಚಳಿಗಾಲಕ್ಕೆ ಮೈ ಬೆಚ್ಚಗಿಡುವ ಧಾನ್ಯ ಅಂತ ನಂಬಿಕೆ, ಮೇಲೆ ಎಳ್ಳು. ಜೊತೆಗೆ ಆ ಕಾಲದ ತರಕಾರಿಯೆಲ್ಲ ಸೇರಿಸಿದ ಪಲ್ಯ: ಅವರೆ, ಬದನೆ, ಗಜ್ಜರಿ, ಹಸಿ ಕಡಲೆ, ಉಳ್ಳಾಗಡ್ಡಿ ತಪ್ಪಲು. ನಮ್ಮ ಓಣಿಯ ಖಾನಾವಳಿಯಲ್ಲಿ ಅಂದು ಜೋಳಕ್ಕೆ ರಜೆ.

ಅತ್ತಿಗೆ ರೊಟ್ಟಿ ಮಾಡುವುದನ್ನು ನೋಡಬೇಕೆಂದರು. ಯಜಮಾನರು ಅಡುಗೆಮನೆಗೇ ಕರೆದೊಯ್ದು ಮಣೆ ಹಾಕಿದರು. ರೊಟ್ಟಿ ಬಡಿಯುವ ಅವ್ವಾರು ತಲೆಯೆತ್ತಿ ನಕ್ಕು ಮತ್ತೆ ಹಿಟ್ಟಿಗೆ ಕೈಹಾಕಿದರು.

ಮೊದಲು ಕುದಿಯುವ ನೀರು. ಜೋಳ, ಸಜ್ಜೆಗಳಿಗೆ ಗೋಧಿಯ ಅಂಟು ಇಲ್ಲ. ಕುದಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅದೇ ಅಂಟಾಗುತ್ತದೆ. ಆಮೇಲೆ ಅಂಗೈಯ ಬುಡದಿಂದ ನಾದುವುದು, ಒತ್ತಿ, ಮಡಚಿ, ಮತ್ತೆ ಒತ್ತಿ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಅಂಗೈ ಚಪ್ಪಟೆ ಮಾಡಿ ಬಡಿಯತೊಡಗಿದರು. ಪ್ರತಿ ಬಡಿತಕ್ಕೂ ರೊಟ್ಟಿ ತಾನಾಗಿ ಕೊಂಚ ತಿರುಗುತ್ತದೆ. ತಿರುಗಿಸುವ ಕೈ ಯಾವುದು, ಬಡಿಯುವ ಕೈ ಯಾವುದು ಅಂತ ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಅಂಚು ಎಲ್ಲೂ ಸೀಳಲಿಲ್ಲ. ಎಳ್ಳು ಉದುರಿಸಿ ಒಂದೆರಡು ಬಡಿತ, ಎರಡೂ ಕೈಯಲ್ಲಿ ಎತ್ತಿ ಹಂಚಿನ ಮೇಲೆ. ಒದ್ದೆ ಬಟ್ಟೆಯಿಂದ ಮೇಲ್ಮೈ ಸವರಿದರು. ಆ ತೇವ ಆರುವ ಹೊತ್ತಿಗೆ ಸರಿಯಾಗಿ ಮಗುಚಿದರು. ಕೊನೆಗೆ ಬೆಂಕಿಗೆ ಹಿಡಿದರೆ ಉಬ್ಬಿ ನಿಂತಿತು.

"ಹಿಟ್ಟ ಹೊಸಾದಿದ್ರ ರೊಟ್ಟಿ ತಾನ ಬರತೈತ್ರೀ ಅಕ್ಕಾರ. ಹಳೇದಾತಂದ್ರ ಜಿಗಿ ಹೋಗತೈತಿ. ಆವಾಗ ಎಷ್ಟ ಬಡದ್ರೂ ಸೀಳತೈತಿ" ಅಂದರು.

ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ ಅಂತ ಅತ್ತಿಗೆ ಕೇಳಿದರು. "ಲೆಕ್ಕ ಯಾರ ಇಟ್ಟಾರ್ರಿ" ಅಂತ ಕೈ ತೋರಿಸಿದರು. ಬೆರಳ ತುದಿಗಳು ಬಿಸಿ ತಾಗಿ ತಾಗಿ ನುಣುಪಾಗಿ ಹೊಳೆಯುತ್ತಿದ್ದವು. ಮಗಳಿಗೆ ಕಲಿಸಿದ್ದೀರಾ ಎಂದಾಗ, "ಮನಿಗೆ ಮಾಡ್ಕೊಳ್ಳುವಷ್ಟ ಕಲಿಸೇನ್ರಿ. ಇಲ್ಲಿ ಒಲಿ ಮುಂದ ಕುಂದ್ರಾಕ ಕಲಿಸಿಲ್ಲ. ಆಕಿ ನರ್ಸಿಂಗ್ ಓದಾಕತ್ತಾಳ" ಅಂದರು. ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇತ್ತು, ಇರಬೇಕಾದದ್ದೇ.

ಇದನ್ನು ನಾನು ಬಹಳ ಯೋಚಿಸಿದ್ದೇನೆ. ಖಾನಾವಳಿಯ ಬೋರ್ಡಿನ ಮೇಲೆ ಯಜಮಾನರ ಹೆಸರು, ಹೆಚ್ಚಿನ ಕಡೆ ಗಲ್ಲೆಯ ಮೇಲೆ ಅವರ ಮಗ. ಊರಿಗೆ ಹೆಸರು ತಂದ ರೊಟ್ಟಿ ಮಾತ್ರ ಒಳಗೆ ಹೊಗೆಯ ಮುಂದೆ ಕೂತ ಹೆಂಗಸರದ್ದು. ಈಗ ರೊಟ್ಟಿ ಒತ್ತುವ ಯಂತ್ರಗಳು ಬಂದಿವೆ. ಕಡಕ್ ರೊಟ್ಟಿಗೆ ಅದು ನಡೆಯುತ್ತದೆ, ತೋಳಿನ ನೋವು ತಪ್ಪಿಸಿದ್ದಕ್ಕೆ ಒಳ್ಳೆಯದೇ. ಬಿಸಿ ರೊಟ್ಟಿಗೆ ನಡೆಯುವುದಿಲ್ಲ. ಯಂತ್ರದ ರೊಟ್ಟಿ ಎಲ್ಲ ಕಡೆ ಒಂದೇ ದಪ್ಪ, ಬೆಂಕಿಗೆ ಹಿಡಿದರೂ ಹೀಗೆ ಉಬ್ಬಿದ್ದನ್ನು ನಾನು ಕಂಡಿಲ್ಲ. ಕೈರೊಟ್ಟಿ ಉಳಿಯಬೇಕೆಂದರೆ ಅದನ್ನು ಬಡಿಯುವ ಕೈಗೆ ತಕ್ಕ ಕೂಲಿ ಸಿಗಬೇಕು, ಹೊಗೆ ಹೋಗಲು ಕಿಟಕಿ ಇರಬೇಕು, ಮಧ್ಯಾಹ್ನ ಎರಡೂವರೆಗೆ ಒಲೆ ಆರಬೇಕು. ನನ್ನ ಪ್ರೀತಿಯ ಖಾನಾವಳಿಗಳಲ್ಲಿ ಊಟದ ದರ ಸ್ವಲ್ಪ ಏರಿದಾಗ ಗೊಣಗುವ ಗಿರಾಕಿಗಳನ್ನು ಕಂಡರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಅದೇ ಜನ ಮಾಲ್‌ನಲ್ಲಿ ಒಂದು ಕಪ್ ಕಾಫಿಗೆ ಇದಕ್ಕಿಂತ ಹೆಚ್ಚು ಕೊಡುತ್ತಾರೆ.

ಅತ್ತಿಗೆ ಒಂದು ರೊಟ್ಟಿ ಬಡಿಯಲು ಕೂತರು. ಅವ್ವಾರು ಅವರ ಮಣಿಕಟ್ಟು ಹಿಡಿದು ಲಯ ತೋರಿಸಿಕೊಟ್ಟರು. ಸಣ್ಣದಾಗಿ, ದಪ್ಪವಾಗಿ ಬಂತು. ಬೆಣ್ಣೆ ಹಾಕಿಕೊಂಡು ಅಣ್ಣನೇ ಅದನ್ನು ತಿಂದ.

ಮಂಗಳವಾರ, ಸಂಕ್ರಾಂತಿ

ಖಾನಾವಳಿಗೆ ರಜೆ. ಹಬ್ಬದ ದಿನ ಒಳಗಿನವರೂ ತಮ್ಮ ಮನೆಯಲ್ಲಿ ಉಣ್ಣಬೇಕಲ್ಲ. ಸಂಕ್ರಾಂತಿಗೆ ಈ ಕಡೆಯವರು ಬುತ್ತಿ ಕಟ್ಟಿಕೊಂಡು ಹೊಳೆಯೋ ಕೆರೆಯೋ ಇರುವಲ್ಲಿಗೆ ಹೋಗುತ್ತಾರೆ. ನಾವೂ ಹಿಂದಿನ ದಿನವೇ ಹೇಳಿ ಕಟ್ಟಿಸಿಕೊಂಡಿದ್ದ ಬುತ್ತಿ ಹಿಡಿದು ಕೆಲಗೇರಿ ಕೆರೆಗೆ ಹೋದೆವು. ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಹಿಂಡಿ, ಮೊಸರನ್ನ, ಮಾದ್ಲಿ. ಪಕ್ಕದಲ್ಲಿ ಚಾದರ ಹಾಸಿ ಕೂತಿದ್ದ ಮನೆಯವರು ಕುಸುರೆಳ್ಳು ಕೊಟ್ಟು, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ್ರಿ" ಅಂದರು. ಅತ್ತಿಗೆ ಬೆಂಗಳೂರಿನಿಂದ ತಂದಿದ್ದ ಎಳ್ಳುಬೆಲ್ಲ, ಸಕ್ಕರೆ ಅಚ್ಚು ಅವರಿಗೆ ಹೋಯಿತು. ಅವರ ಬದನೆಕಾಯಿ ಪಲ್ಯ ನಮಗೆ ಬಂತು. ಆ ಪಲ್ಯ ನಮ್ಮ ಖಾನಾವಳಿಯದ್ದಕ್ಕಿಂತ ಚೆನ್ನಾಗಿತ್ತು, ಹೇಳಲೇಬೇಕು.

ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಹತ್ತಿಸುವ ಮೊದಲು ಕಡಕ್ ರೊಟ್ಟಿ ಮಾಡಿ ಮಾರುವ ಮನೆಯೊಂದರಿಂದ ಒಂದು ಕಟ್ಟು, ಹಿಂಡಿಗಳ ಪುಡಿಕೆ ಕೊಂಡೆವು. ತೇವ ತಾಗದಂತೆ ಇಟ್ಟರೆ ತಿಂಗಳು ಕಳೆದರೂ ಕೆಡುವುದಿಲ್ಲ. ಪೇಡೆ ಬೆಳಿಗ್ಗೆಯೇ ತಂದಿಟ್ಟಿದ್ದೆ, ಎರಡೂ ಅಂಗಡಿಯದ್ದು. ಎಳೆ ಜೋಳದ ತೆನೆ ಸುಟ್ಟು ಬಡಿದ ಸೀತನಿಗೆ ಇನ್ನೂ ಕೆಲವು ವಾರ ಬೇಕು, ಅದು ಹೊಲದಲ್ಲೇ ಕೂತು ತಿನ್ನುವಂಥದ್ದು ಅಂದೆ. ಅಣ್ಣ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಫೋನಿನಲ್ಲಿ ಫೆಬ್ರವರಿಯ ಟಿಕೆಟ್ ನೋಡತೊಡಗಿದ.